ಚದುರಂಗ ಪ್ರಶ್ನೋತ್ತರ: ಮೂರು ನಿಮಿಷದಾಗ ಏನು ಆಡೂದು?

ಈ ಸಲದ ಕಾಗದಗಳಲ್ಲಿ ಬ್ಲಿಟ್ಜ್‌ದ್ದೇ ಕಾರುಬಾರು; ಬ್ಲಿಟ್ಜ್ ಎಂದರೆ ಒಬ್ಬೊಬ್ಬರಿಗೆ ಕೆಲವೇ ನಿಮಿಷ ಸಿಗುವ ಚುಟುಕು ಆಟ. ಸೂಟಿಯಲ್ಲಿ ಹುಬ್ಬಳ್ಳಿ-ಧಾರವಾಡದ ಕಡೆ ಒಂದರ ಬೆನ್ನಿಗೆ ಒಂದು ಟೂರ್ನಿ ನಡೆದವು; ಸೋತವರೆಲ್ಲ ನನಗೆ ಬರೆದಿದ್ದಾರೆ. ಗೆದ್ದವರು ಯಾಕೆ ಬರೆದಾರು? ಆಟ ಬರೆದು ಕಳಿಸುವವರು ನಡೆಗಳಿಗೆ ಸಂಖ್ಯೆ ಹಾಕಿರಿ, ಬಿಳಿ ಯಾರು ಕಪ್ಪು ಯಾರು ಎಂದು ತಿಳಿಸಿರಿ. ‘ಆಮೇಲೆ ಏನೋ ಆಯ್ತು, ನನ್ನ ಆನೆ ಹೋತು’ ಎಂದರೆ ನಾನು ಧಾರವಾಡದಲ್ಲಿ ಕೂತು ಏನು ಹೇಳಲಿ?

ಅಕ್ಕೋರ, ಬಿಳಿ ಕಾಯಿಯಿಂದ ಆಡಿದರ ಖಾತ್ರಿ ಗೆಲ್ಲೂವಂಥ ಓಪನಿಂಗ್ (ಆಟದ ಮೊದಲ ನಡೆಗಳ ಕ್ರಮ) ಯಾವುದರ ಐತೇನ್ರಿ?
*(ಕಾಲೇಜು ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ)*

ಇಲ್ಲಪ್ಪಾ. ಇದ್ದಿದ್ದರೆ ನಿನಗ್ಯಾಕೆ ಹೇಳುತ್ತಿದ್ದೆ?

ಮೇಡಂ, ನಾನು ಒಂಬತ್ತನೇ ಇಯತ್ತೆ. ಹುಬ್ಬಳ್ಳಿ ಟೂರ್ನಿಯೊಳಗ ಎಂಟೇ ನಡೆಗೆ ಸೋತೆ. ಮೂರು ನಿಮಿಷ, ನಡೆಗೆ ಎರಡು ಸೆಕೆಂಡ್ ಕೂಡಿಸೂ ಆಟ. ನನ್ನ ಗಡಿಯಾರದಾಗ ಎರಡೂವರಿ ನಿಮಿಷದ ಮ್ಯಾಲೆ ಇತ್ತು, ಅವನ ರಾಣಿನ್ನ ಹೊಡದಿದ್ದೆ, ಆದರೂ ಚೆಕ್‌ಮೇಟ್. ಅಂವ ಆ ನಡೆಗಳನ್ನ ಕಣ್ಣು ಮುಚ್ಚಿ ಆಡಿದಂಗ ಆಡಿದ. ಆಟ ಬರದು ಕಳಿಸೇನಿ. ನಾನೂ ಅದನ್ನ ಕಲೀಲೇನು? ಇಲ್ಲಾಂದ್ರ ಬ್ಲಿಟ್ಜ್‌ಗೆ ಯಾವ ಓಪನಿಂಗ್ ಇಟ್ಕೊಳ್ಳಲಿ?
*(ಬೆಟಗೇರಿ, ಗದಗ)*

ತಮ್ಮಾ, ಬ್ಲಿಟ್ಜ್‌ನಲ್ಲಿ ನಡೆ ಬರೆದುಕೊಳ್ಳಬೇಕೆಂಬ ಕಟ್ಟುಪಾಡಿಲ್ಲ. ಆದರೂ ಮನೆಗೆ ಹೋಗಿ ನೆನಪಿನಿಂದ ಬರೆದೆಯಲ್ಲ, ಅದಕ್ಕೇ ಈ ಸಲ ಅಂಕಣದ ದೊಡ್ಡ ಪಾಲು ನಿನ್ನದು. ಓದುಗರು ಬೋರ್ಡ್ ಮುಂದಿಟ್ಟುಕೊಳ್ಳಲಿ. ನಮ್ಮ ಹುಡುಗನದು ಬಿಳಿ. ಅಕ್ಷರವೆಂದರೆ ಬೋರ್ಡಿನ ಉದ್ದಸಾಲು, ಅಂಕಿಯೆಂದರೆ ಅಡ್ಡಸಾಲು; ಕಾಯಿಯ ಹೆಸರಿಲ್ಲದಿದ್ದರೆ ಅದು ಸೈನಿಕನ ನಡೆ.

1. ಇ4, ಇ5. 2. ಕುದುರೆ ಎಫ್3, ಕುದುರೆ ಎಫ್6. 3. ಬಿಳಿ ಕುದುರೆ ಇ5ರ ಸೈನಿಕನನ್ನು ಹೊಡೆಯಿತು. ಕಪ್ಪಿನ ಇನ್ನೊಂದು ಕುದುರೆ ಸಿ6ಕ್ಕೆ ಬಂತು. 4. ಬಿಳಿ ಕುದುರೆ ಸಿ6ರ ಕುದುರೆಯನ್ನು ಹೊಡೆಯಿತು. ಕಪ್ಪು ಡಿ7ರ ಸೈನಿಕನಿಂದ ತಿರುಗಿ ಹೊಡೆಯಿತು. 5. ಡಿ3, ಒಂಟೆ ಸಿ5. 6. ಒಂಟೆ ಜಿ5, ಕಪ್ಪು ಕುದುರೆ ಇ4ರ ಸೈನಿಕನನ್ನು ಹೊಡೆಯಿತು. 7. ಬಿಳಿ ಒಂಟೆ ಡಿ8ರ ರಾಣಿಯನ್ನು ಹೊಡೆಯಿತು. ಕಪ್ಪು ಒಂಟೆ ಎಫ್2 ಹೊಡೆದು ಚೆಕ್. 8. ರಾಜ ಇ2, ಒಂಟೆ ಜಿ4. ಚೆಕ್‌ಮೇಟ್.

ಇದು ಸ್ಟಾಫರ್ಡ್ ಗ್ಯಾಂಬಿಟ್. ನಿನ್ನ ಎದುರಾಳಿ ಕಂಡುಹಿಡಿದದ್ದೇನಲ್ಲ. ಅಮೆರಿಕದ ಇಂಟರ್‌ನ್ಯಾಷನಲ್ ಮಾಸ್ಟರ್ ಎರಿಕ್ ರೋಸೆನ್ ತಮ್ಮ ವೀಡಿಯೋಗಳಲ್ಲಿ ಆಡಿ ಆಡಿ ತೋರಿಸಿದ ಮೇಲೆ ಊರೂರಿನ ಹುಡುಗರಿಗೆ ಇದು ಬಾಯಿಪಾಠವಾಗಿದೆ. ಮೂರನೆಯ ನಡೆಗೆ ಕಪ್ಪು ಡಿ6 ಆಡಿದ್ದರೆ ಅದು ಮರ್ಯಾದಸ್ಥ ಪೆಟ್ರೋವ್ ಡಿಫೆನ್ಸ್. ಕುದುರೆಯನ್ನು ಸಿ6ಕ್ಕೆ ತಂದನೆಂದರೆ ಒಬ್ಬ ಸೈನಿಕನನ್ನು ಬಿಟ್ಟುಕೊಟ್ಟು ನಿನಗೆ ಬಲೆ ಬೀಸುತ್ತಿದ್ದಾನೆ ಎಂದೇ ತಿಳಿ.

ಈಗ ಬೋರ್ಡ್ ಮೇಲಿನ ಕಡೆಯ ಸ್ಥಿತಿ ನೋಡು. ನಿನ್ನ ರಾಜ ಇ2ರಲ್ಲಿ ನಿಂತಿದ್ದಾನೆ. ಸುತ್ತಲಿನ ಒಂದೊಂದೇ ಮನೆಯ ಮೇಲೆ ಬೆರಳಿಡು. ಡಿ1ರಲ್ಲಿ ನಿನ್ನ ರಾಣಿ, ಎಫ್1ರಲ್ಲಿ ನಿನ್ನ ಒಂಟೆ, ಡಿ3ರಲ್ಲಿ ನಿನ್ನ ಸೈನಿಕ. ಮೂರು ಮನೆಗಳಿಗೆ ನೀನೇ ಬೀಗ ಹಾಕಿದ್ದಿ! ಡಿ2 ಕುದುರೆಯ ಕಾವಲಿನಲ್ಲಿದೆ. ಇ1, ಇ3 ಎರಡನ್ನೂ ಎಫ್2ರ ಒಂಟೆ ಕಾಯುತ್ತದೆ, ಎಫ್3 ಜಿ4ರ ಒಂಟೆಯ ದಾರಿ. ಎಫ್2ರ ಒಂಟೆಯನ್ನೇ ತಿನ್ನೋಣವೆಂದರೆ ಅದಕ್ಕೆ ಇ4ರ ಕುದುರೆಯ ಒತ್ತಾಸೆ. ಇಷ್ಟಾಗುವ ಹೊತ್ತಿಗೆ ಅವನ ರಾಣಿ ಡಬ್ಬಿ ಸೇರಿತ್ತು. ಅದು ಅವನಿಗೆ ಬೇಕಾಗಲೇ ಇಲ್ಲ.

ತಪ್ಪಿದ್ದು ಏಳನೆಯ ನಡೆಯಲ್ಲಿ ಅಂದುಕೊಂಡಿದ್ದಿ. ಅದಕ್ಕೂ ಮೊದಲು, ಆರನೆಯದರಲ್ಲಿ. ಒಂಟೆಯನ್ನು ಜಿ5ಕ್ಕೆ ತಂದು ‘ಕುದುರೆ ಕದಲಿದರೆ ರಾಣಿ ಹೋಗುತ್ತದೆ’ ಎಂದು ನಿಶ್ಚಿಂತನಾದೆ. ಕುದುರೆಯ ಹಿಂದೆ ರಾಜ ಇದ್ದರೆ ಅದು ಕದಲಲೇಬಾರದು, ನಿಯಮವೇ ಬಿಡುವುದಿಲ್ಲ. ಹಿಂದೆ ಇರುವುದು ರಾಣಿಯಾದರೆ ಕದಲಬಹುದು, ರಾಣಿಗಿಂತ ದೊಡ್ಡದು ಸಿಗುವಂತಿದ್ದರೆ ಆಯಿತು. ಇಲ್ಲಿ ಸಿಕ್ಕಿದ್ದು ನಿನ್ನ ರಾಜ. ರಾಣಿಯನ್ನು ಬಿಟ್ಟು ಡಿ3ರ ಸೈನಿಕನಿಂದ ಕುದುರೆಯನ್ನು ಹೊಡೆದಿದ್ದರೂ ಎಫ್2ರಲ್ಲಿ ಚೆಕ್ ಬಂದು, ರಾಜ ಆ ಒಂಟೆಯನ್ನು ತಿಂದೊಡನೆ ಡಿ1ರ ನಿನ್ನ ರಾಣಿ ಹೋಗುತ್ತಿತ್ತು. ಒಂಟೆಯನ್ನು ಇ3ಕ್ಕೆ ಎಳೆದುಕೊಂಡಿದ್ದರೆ ಪೆಟ್ಟು ಬೀಳುತ್ತಿತ್ತು, ಆಟ ಮಾತ್ರ ಉಳಿಯುತ್ತಿತ್ತು. ಎದುರಿನವನು ರಾಣಿ ಬಿಟ್ಟು ತಣ್ಣಗೆ ಗಡಿಯಾರ ಒತ್ತಿದನೆಂದರೆ ಅವನ ಮುಖ ನೋಡಬೇಡ, ಎಫ್2 ನೋಡು.

ಮುಂದಿನ ಸಲ ಇದೇ ಬಂದರೆ ಆರನೆಯ ನಡೆಗೆ ಒಂಟೆ ಇ2. ಆಮೇಲೆ ಸಿ3, ಡಿ4 ಆಡಿ ಸಿ5ರ ಆ ಒಂಟೆಯ ದಾರಿ ಮುಚ್ಚು. ಗಡಿಬಿಡಿಯಲ್ಲಿ ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಗೆ ಸರಿಸುವುದು) ಬೇಡ. ಜಿ4ಕ್ಕೆ ಕುದುರೆ, ಎಚ್ ಸಾಲಿನ ಸೈನಿಕ, ರಾಣಿ ಎಲ್ಲ ಆ ಕಡೆಗೇ ದಾಳಿಗೆ ಬರುತ್ತವೆ. ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಳ್ಳುವುದು ಬೇಡವೆಂದರೆ ಮೂರನೆಯ ನಡೆಗೆ ಸೈನಿಕನನ್ನು ಹೊಡೆಯದೆ ಇನ್ನೊಂದು ಕುದುರೆಯನ್ನು ಸಿ3ಕ್ಕೆ ತಾ. ಸ್ಟಾಫರ್ಡ್ ಹುಟ್ಟುವುದೇ ಇಲ್ಲ.

ನೀನೂ ಇದನ್ನು ಕಲಿಯಬೇಕೇ? ತಿಳಿದಿರು, ಆಡಬೇಡ. ಎದುರಾಳಿಗೆ ಉತ್ತರ ಗೊತ್ತಿದ್ದರೆ ನೀನು ಬರೀ ಒಬ್ಬ ಸೈನಿಕನನ್ನು ಕಳೆದುಕೊಂಡವನು. ಒಂದು ಟೂರ್ನಿಯಲ್ಲಿ ನಾಲ್ವರು ಬಿದ್ದಾರು, ಟಾಪ್ ಬೋರ್ಡ್‌ನಲ್ಲಿ ಕೂತವನು ಬೀಳುವುದಿಲ್ಲ.

ಇನ್ನು ಗಡಿಯಾರದ ಲೆಕ್ಕ. ನನ್ನ ಹತ್ತಿರ ಬರುವ ಮಕ್ಕಳಿಗೆ ಓಪನಿಂಗ್‌ಗಿಂತ ಮೊದಲು ಇದನ್ನೇ ಹೇಳುತ್ತೇನೆ. ಮೂರು ನಿಮಿಷವೆಂದರೆ 180 ಸೆಕೆಂಡ್. ನಡೆಗೆ ಎರಡರಂತೆ 60 ನಡೆಗೆ ಇನ್ನು 120. ಒಟ್ಟು 300, ಒಂದು ನಡೆಗೆ ಐದೇ ಸೆಕೆಂಡ್. ಮೊದಲ ಹತ್ತು ನಡೆಗಳನ್ನು ಎರಡೆರಡು ಸೆಕೆಂಡಿನಲ್ಲಿ ಆಡಿದೆ ಅನ್ನು, ಗಡಿಯಾರದಲ್ಲಿ ಮೂರು ನಿಮಿಷ ಹಾಗೆಯೇ ಉಳಿದಿರುತ್ತದೆ. ಅದೇ ಹತ್ತು ನಡೆಗೆ ‘ಸಿಸಿಲಿಯನ್‌ದಾಗ ಇಲ್ಲಿ ಏನಿತ್ತು’ ಎಂದು ತಲೆ ಕೆರೆಯುತ್ತ ಒಂದೂವರೆ ನಿಮಿಷ ಕಳೆದರೆ, ನಿಜವಾಗಿ ವಿಚಾರ ಮಾಡಬೇಕಾದ ಇಪ್ಪತ್ತನೆಯ ನಡೆಗೆ ಕೈಯಲ್ಲಿ ಸಮಯ ಕಡಿಮೆ. ಹಾಗಾಗಿ ಬ್ಲಿಟ್ಜ್‌ಗೆ ಬೇಕಾದ್ದು ಅತ್ಯುತ್ತಮ ಓಪನಿಂಗ್ ಅಲ್ಲ. ನಿನ್ನ ಕಾಯಿಗಳು ಎಲ್ಲಿ ಕೂರಬೇಕೆಂದು ನಿದ್ದೆಗಣ್ಣಲ್ಲೂ ಗೊತ್ತಿರುವ ಓಪನಿಂಗ್.

ಬಿಳಿಗೆ ನಾನು ಹೇಳುವುದು ನಿಧಾನದ ಇಟಾಲಿಯನ್. ಇ4, ಕುದುರೆ ಎಫ್3, ಒಂಟೆ ಸಿ4, ಸಿ3, ಡಿ3, ಕ್ಯಾಸ್ಲಿಂಗ್, ಆನೆ ಇ1. ಬಿ1ರ ಕುದುರೆ ಡಿ2ಕ್ಕೆ, ಅಲ್ಲಿಂದ ಎಫ್1, ಅಲ್ಲಿಂದ ಜಿ3. ಕಪ್ಪು ಏನು ಆಡಿದರೂ ಹೆಚ್ಚುಕಡಿಮೆ ಇದೇ ಕ್ರಮ. ನಡುನಡುವೆ ಎಫ್2 ಮತ್ತು ಇ4ರ ಮೇಲೆ ಕಣ್ಣಿದ್ದರೆ ಸಾಕು. ಲಂಡನ್ ಸಿಸ್ಟಮ್ ಇದಕ್ಕಿಂತ ಸುಲಭವೆಂದು ಬಹಳ ಕೋಚ್‌ಗಳು ಹೇಳುತ್ತಾರೆ, ಸುಳ್ಳಲ್ಲ. ಆದರೆ ಒಂಬತ್ತನೇ ಇಯತ್ತೆಯ ಹುಡುಗ ದಿನಾ ಡಿ4, ಒಂಟೆ ಎಫ್4, ಇ3, ಸಿ3 ಆಡುತ್ತ ಕೂತರೆ ಕೈ ಕುದುರುವ ಮೊದಲೇ ಬೇಸರ ಹತ್ತೀತು.

ಕಪ್ಪಿಗೆ ಕಾರೊ-ಕಾನ್. ಅವನು ಇ4 ಆಡಿದರೆ ಸಿ6, ಆಮೇಲೆ ಡಿ5. ಡಿ4 ಆಡಿದರೆ ಡಿ5, ಸಿ4 ಬಂದಾಗ ಸಿ6, ಅದು ಸ್ಲಾವ್. ಸೈನಿಕರ ಅದೇ ಗೋಡೆ, ಎರಡು ಬಾಗಿಲು. ಒಂದೇ ಒಂದು ಹೊಂಡವಿದೆ, ಅದನ್ನು ಈಗಲೇ ಬೋರ್ಡ್ ಮೇಲೆ ನೋಡು: 1. ಇ4, ಸಿ6. 2. ಡಿ4, ಡಿ5. 3. ಕುದುರೆ ಸಿ3, ಕಪ್ಪು ಇ4ರಲ್ಲಿ ಹೊಡೆತ. 4. ಕುದುರೆ ತಿರುಗಿ ಹೊಡೆತ, ಕುದುರೆ ಡಿ7. 5. ರಾಣಿ ಇ2. ಈ ರಾಣಿ ತನ್ನದೇ ಒಂಟೆಗೆ ಅಡ್ಡ ನಿಂತದ್ದು ಕಂಡು ನಗು ಬರುತ್ತದೆ. ನಗುತ್ತ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದೆಯೋ, 6. ಕುದುರೆ ಡಿ6 ಚೆಕ್‌ಮೇಟ್. ಇ7ರ ಸೈನಿಕ ಅದನ್ನು ಹೊಡೆಯುವಂತಿಲ್ಲ, ಹಿಂದೆ ರಾಜನಿದ್ದಾನೆ, ಎದುರಿಗೆ ಇ2ರ ರಾಣಿ. ಮೇಲೆ ಹೇಳಿದೆನಲ್ಲ, ಹಿಂದೆ ರಾಜನಿದ್ದರೆ ಕದಲುವಂತಿಲ್ಲ ಎಂದು, ಅದೇ. ಬ್ಲಿಟ್ಜ್‌ನಲ್ಲಿ ನಾಲ್ಕನೆಯ ನಡೆಗೆ ಕುದುರೆಯ ಬದಲು ಒಂಟೆಯನ್ನು ಎಫ್5ಕ್ಕೆ ತಂದುಬಿಡು.

ಎದುರಿನ ಹುಡುಗ ಚೆಕ್ ಇದ್ದದ್ದು ನೋಡದ ಬ್ಯಾರೆ ಕಾಯಿ ಸರಸಿ ಗಡಿಯಾರ ಒತ್ತಿದ. ನಾ ಸುಮ್ಮನ ಅವನ ರಾಜನ್ನ ಎತ್ತಿ ‘ಮುಗೀತು’ ಅಂದೆ. ಆರ್ಬಿಟರ್ (ತೀರ್ಪುಗಾರರು) ನನಗ ಬೈದು ಆಟ ಮುಂದುವರಸ್ರಿ ಅಂದ್ರು. ಇದು ಯಾವ ನ್ಯಾಯ? ನಮ್ಮ ಓಣಿಯೊಳಗ ಹಂಗೇ ಗೆಲ್ಲತಿದ್ವಿ.
*(ಕೇಶ್ವಾಪುರ, ಹುಬ್ಬಳ್ಳಿ)*

ಓಣಿಯ ಆಟಕ್ಕೆ ಓಣಿಯ ಕಾನೂನು. ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆಯ ನಿಯಮದಲ್ಲಿ ರಾಜನನ್ನು ಹೊಡೆಯುವುದು ಎಂಬುದೇ ಇಲ್ಲ. ಅದೂ ನಿಯಮಬಾಹಿರ ನಡೆಯೇ. ನೀವು ಮಾಡಬೇಕಾದ್ದು ಇಷ್ಟು: ನಿಮ್ಮ ಕಾಯಿ ಮುಟ್ಟುವ ಮೊದಲು ಗಡಿಯಾರ ನಿಲ್ಲಿಸಿ ಆರ್ಬಿಟರ್ ಅವರನ್ನು ಕರೆಯುವುದು. ಬ್ಲಿಟ್ಜ್‌ನಲ್ಲಿ ಮೊದಲ ತಪ್ಪಿಗೆ ನಿಮಗೆ ಒಂದು ನಿಮಿಷ ಹೆಚ್ಚಿಗೆ ಸಿಗುತ್ತದೆ. ಅವನು ಅದೇ ಮುಟ್ಟಿದ ಕಾಯಿಯಿಂದ ಸರಿಯಾದ ನಡೆ ಇದ್ದರೆ ಅದನ್ನೇ ಆಡಬೇಕು. ಅದೇ ಆಟದಲ್ಲಿ ಎರಡನೆಯ ಸಲ ಮಾಡಿದರೆ ಸೋತಂತೆ. ಒಬ್ಬ ಆರ್ಬಿಟರ್ ಹತ್ತಾರು ಬೋರ್ಡ್ ನೋಡುವ ನಮ್ಮಂಥ ಟೂರ್ನಿಗಳಲ್ಲಿ ನೀವು ಗಮನಿಸದೆ ಮುಂದಿನ ನಡೆ ಆಡಿಬಿಟ್ಟರೆ ದೂರುವ ಹಕ್ಕೂ ಹೋಯಿತು.

ದೊಡ್ಡವರಿಗೂ ಇದರಲ್ಲಿ ಕಾಲು ಜಾರಿದ್ದುಂಟು. 2017ರ ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್, ಸೌದಿಯ ರಿಯಾದ್. ಆಗಿನ ವಿಶ್ವ ಚಾಂಪಿಯನ್, ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಆನೆಯಿಂದ ಬಿ7ರಲ್ಲಿ ಹೊಡೆದು ಚೆಕ್ ಕೊಟ್ಟ. ರಷ್ಯದ ಇನಾರ್ಕಿಯೆವ್ ಅದನ್ನು ತಪ್ಪಿಸುವ ಬದಲು ಕುದುರೆಯನ್ನು ಇ3ಕ್ಕೆ ತಂದು ತಾನೇ ಚೆಕ್ ಕೊಟ್ಟ! ಕಾರ್ಲ್‌ಸನ್ ಅದೇ ಭರದಲ್ಲಿ ರಾಜನನ್ನು ಪಕ್ಕಕ್ಕೆ ಸರಿಸಿದ. ಕೂಡಲೇ ಇನಾರ್ಕಿಯೆವ್ ಗಡಿಯಾರ ನಿಲ್ಲಿಸಿ ‘ನಿಮ್ಮದು ನಿಯಮಬಾಹಿರ ನಡೆ’ ಎಂದ. ಅಲ್ಲಿದ್ದ ಆರ್ಬಿಟರ್ ಮೊದಲು ಅವನಿಗೇ ಗೆಲುವು ಕೊಟ್ಟರು. ಮುಖ್ಯ ಆರ್ಬಿಟರ್ ಬಂದು ಆಟ ಇದ್ದಲ್ಲಿಂದ ಮುಂದುವರಿಯಲಿ ಎಂದರು. ಇನಾರ್ಕಿಯೆವ್ ಒಪ್ಪಲಿಲ್ಲ, ಗೆಲುವು ಕಾರ್ಲ್‌ಸನ್‌ಗೆ ಹೋಯಿತು, ಆ ವರ್ಷದ ಬ್ಲಿಟ್ಜ್ ಪಟ್ಟವೂ ಅವನದೇ ಆಯಿತು. ನಿಮಗೆ ಬೈದ ಆರ್ಬಿಟರ್ ಆಟ ಮುಂದುವರಿಸಿ ಎಂದದ್ದು ಸರಿ. ನಿಮ್ಮ ಪುಣ್ಯ, ನಿಮ್ಮ ಹೆಸರಿಗೆ ತಪ್ಪು ಬರೆದುಕೊಳ್ಳಲಿಲ್ಲ.

ನಮ್ಮ ಕಾಲದಾಗ ಕಟ್ಟೀ ಮ್ಯಾಲೆ ಕೂತು ಒಂದ ಆಟ ಸಂಜೀತನಕಾ ಆಡತಿದ್ವಿ. ಸೈನಿಕ ಮೊದಲ ಸಲಾನೂ ಒಂದ ಮನೀ ಸರೀತಿತ್ತು. ಈಗಿನ ಈ ಟಕಟಕ ಬಡಿಯೂದಕ್ಕ ಚದುರಂಗ ಅಂತಾರೇನ ತಂಗಿ?
*(ನಿವೃತ್ತ ಪೋಸ್ಟ್ ಮಾಸ್ತರ್, ಮಾಳಮಡ್ಡಿ, ಧಾರವಾಡ)*

ಕಾಕಾ, ನಿಮ್ಮ ಹಳೆಯ ಪದ್ಧತಿಯಲ್ಲಿ ಬೆಳೆದ ಪಂಜಾಬಿನ ಸುಲ್ತಾನ್ ಖಾನ್ ಇಂಗ್ಲೆಂಡಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಆ ಕಟ್ಟೆಯ ಆಟಕ್ಕೆ ನಾನು ಯಾವತ್ತೂ ಕಡಿಮೆ ಮಾತಾಡುವವಳಲ್ಲ. ಆದರೆ ಟಕಟಕವೂ ಚದುರಂಗವೇ. 1970ರಲ್ಲಿ ಯುಗೊಸ್ಲಾವಿಯದ ಹೆರ್ಸೆಗ್ ನೋವಿಯಲ್ಲಿ ಆಗಿನ ಅತಿರಥರೆಲ್ಲ ಕೂಡಿ ಐದು ನಿಮಿಷದ ಆಟ ಆಡಿದರು. ಅಮೆರಿಕದ ಬಾಬಿ ಫಿಷರ್ 22 ಆಟಗಳಲ್ಲಿ 19 ಅಂಕ ಗಳಿಸಿದ. ಎರಡನೆಯವನಾದ ಮಾಜಿ ವಿಶ್ವ ಚಾಂಪಿಯನ್ ತಾಲ್‌ಗೆ 14½. ಕಣ್ಣಳತೆಯಲ್ಲೇ ಇಷ್ಟು ಅಂತರ ಬರಬೇಕಾದರೆ ಒಳಗೆ ಎಷ್ಟು ಸಂಜೆಗಳ ಆಟ ಕೂತಿರಬೇಕು ನೋಡ್ರಿ. ನೀವು ಒಮ್ಮೆ ಗಡಿಯಾರ ಇಟ್ಟು ಆಡಿರಿ, ನಿಮ್ಮ ಮೊಮ್ಮಗಳಿಗೆ ಐದು ನಿಮಿಷ, ನಿಮಗೆ ಹತ್ತು. ಮೊಮ್ಮಗಳು ಒಪ್ಪಿದರೆ.

ಮಗ ರಾತ್ರಿ ಹನ್ನೆರಡಾದರೂ ಮೊಬೈಲ್ ಬಿಡಂಗಿಲ್ರಿ. ಕೇಳಿದರ ಚೆಸ್ ಆಡಾಕತ್ತೇನಿ ಅಂತಾನ. ಜೂಜಲ್ಲ, ಸಿನಿಮಾ ಅಲ್ಲ, ಬೈಯಾಕೂ ಬಾಯಿ ಬರವಲ್ದು. ಒಂದೊಂದು ನಿಮಿಷದ ಆಟಾನ ಹೆಚ್ಚು. ಇದರಿಂದ ಆಟ ಸುಧಾರಸ್ತೈತೇನ್ರಿ?
*(ಗೃಹಿಣಿ, ಬ್ಯಾಡಗಿ, ಹಾವೇರಿ ಜಿಲ್ಲೆ)*

ತಂಗೀ, ಬೈಯುವುದಕ್ಕೆ ಮೊದಲು ಒಂದು ಪರೀಕ್ಷೆ ಮಾಡು. ಊಟಕ್ಕೆ ಕೂತಾಗ ಕೇಳು: ‘ನಿನ್ನೆ ಸೋತೆಯಲ್ಲ, ಆ ಆಟದ ಮೊದಲ ಹತ್ತು ನಡೆ ಬೋರ್ಡ್ ಮೇಲೆ ಆಡಿ ತೋರಿಸು, ಎಲ್ಲಿ ಕೆಟ್ಟಿತು ಹೇಳು.’ ತೋರಿಸಿದರೆ ಅವನು ಆಡುತ್ತಿದ್ದಾನೆ. ‘ಯಾವ ಆಟ?’ ಎಂದನೋ, ಮೊಬೈಲ್ ಕಸಿದುಕೊಂಡು ಕಪಾಟಿನಲ್ಲಿ ಇಡು, ನನ್ನ ಹೆಸರು ಹೇಳು.

ಒಂದು ನಿಮಿಷದ ಆಟಕ್ಕೆ ಬುಲೆಟ್ ಅನ್ನುತ್ತಾರೆ. ಅದರಲ್ಲಿ ಎದುರಾಳಿ ಆಡುವ ಮೊದಲೇ ತನ್ನ ನಡೆ ಹಾಕಿಡುವ ಸೌಕರ್ಯವಿದೆ, ಪ್ರೀ-ಮೂವ್. ಬೆರಳು ಚುರುಕಾಗುತ್ತದೆ, ತಲೆಗೆ ಕೆಲಸವಿಲ್ಲ. ಇಂಥ ಮಕ್ಕಳು ನಿಜವಾದ ಬೋರ್ಡ್ ಮುಂದೆ ಕೂತಾಗ ನೋಡಬೇಕು. ಬಲಗೈಯಿಂದ ಕಾಯಿ, ಎಡಗೈ ಗಡಿಯಾರದ ಮೇಲೆ ಕಾದು ಕೂತಿರುತ್ತದೆ. ಯಾವ ಕೈಯಿಂದ ಕಾಯಿ ಸರಿಸಿದರೋ ಅದೇ ಕೈಯಿಂದ ಒತ್ತಬೇಕೆಂಬುದು ಗೊತ್ತಿಲ್ಲ. ಕ್ಯಾಸ್ಲಿಂಗ್‌ಗೆ ಎರಡೂ ಕೈ ಹಾಕಿ ಗಡಿಯಾರ ಒತ್ತಿದರೆ ನಿಯಮಬಾಹಿರ ನಡೆಯಷ್ಟೇ ಶಿಕ್ಷೆ. ಅವಸರಕ್ಕೆ ನಾಲ್ಕು ಕಾಯಿ ಉರುಳಿಸಿ ಹಾಗೆಯೇ ಗಡಿಯಾರ ಬಡಿಯುತ್ತಾರೆ. ಉರುಳಿಸಿದವನೇ ತನ್ನ ಸಮಯದಲ್ಲಿ ಎತ್ತಿ ನಿಲ್ಲಿಸಬೇಕು. ಮೊಬೈಲ್‌ನಲ್ಲಿ ಕಾಯಿ ಉರುಳುವುದಿಲ್ಲವಲ್ಲ, ಯಾರು ಕಲಿಸಬೇಕು?

ಸಂಜೆ ಹೊತ್ತು, ಹದಿನೈದು ನಿಮಿಷ ಮತ್ತು ನಡೆಗೆ ಹತ್ತು ಸೆಕೆಂಡಿನ ಆಟ ಆಡಲಿ. ಅದು ರ‍್ಯಾಪಿಡ್. ನಮ್ಮ ಕೊನೇರು ಹಂಪಿ ಮಹಿಳೆಯರ ವಿಶ್ವ ರ‍್ಯಾಪಿಡ್ ಪಟ್ಟವನ್ನು 2019ರಲ್ಲಿ ಮಾಸ್ಕೋದಲ್ಲಿ, ಮತ್ತೆ 2024ರಲ್ಲಿ ನ್ಯೂಯಾರ್ಕ್‌ನಲ್ಲಿ ಗೆದ್ದರು, ಎರಡೂ ಸಲ ಮನೆಯಲ್ಲಿ ಮಗಳಿದ್ದಳು. ಅದೇ ನ್ಯೂಯಾರ್ಕ್‌ನಲ್ಲಿ ಬ್ಲಿಟ್ಜ್‌ನ ಕಂಚು ಚೆನ್ನೈನ ವೈಶಾಲಿಗೆ ಬಂತು. ನಿನ್ನ ಮಗನಿಗೆ ಗುಕೇಶ್ ಹೆಸರು ಗೊತ್ತಿದ್ದೇ ಇರುತ್ತದೆ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಚೀನದ ಡಿಂಗ್ ಲಿರೆನ್‌ರನ್ನು ಸೋಲಿಸಿ ಹದಿನೆಂಟಕ್ಕೇ ವಿಶ್ವ ಚಾಂಪಿಯನ್ ಆದಾಗ ಮೊದಲ 40 ನಡೆಗೆ ಎರಡು ಗಂಟೆ ಸಮಯವಿದ್ದ ಆಟಗಳನ್ನು ಆಡಿ ಗೆದ್ದದ್ದು ಎಂದು ಹೇಳು. ಎರಡು ಗಂಟೆ ಒಂದೇ ಕಡೆ ಕೂರುವ ರೂಢಿ ಇದೆಯೇ ಎಂದೂ ಕೇಳು.

ವಾರಕ್ಕೊಮ್ಮೆ ಬ್ಲಿಟ್ಜ್ ಇರಲಿ, ತಪ್ಪಿಲ್ಲ. ಮೂರು ಆಟ ಆಡಿದರೆ ಒಂದನ್ನು ತೆರೆದು ನೋಡಬೇಕು. ಆಡಿದ್ದೆಲ್ಲ ಮೊಬೈಲ್‌ನಲ್ಲೇ ಉಳಿದಿರುತ್ತದೆ. ಹತ್ತು ಗಂಟೆಯ ಮೇಲೆ ಯಾವ ಆಟವೂ ಬೇಡ. ಇದು ಚದುರಂಗದ ಸಲಹೆಯಲ್ಲ, ನಿದ್ದೆಯದು.

ಎದುರಾಳಿ ಟೈಮ್ ಮುಗೀತು. ಅವನ ಹತ್ರ ರಾಣಿ, ಎರಡು ಸೈನಿಕ. ನನ್ನ ಹತ್ರ ಬರೇ ರಾಜ. ಗೆದ್ದೆ ಅಂತ ಕೈ ಎತ್ತಿದೆ, ಡ್ರಾ ಅಂದ್ರು. ಸರಿಯೇನ್ರಿ?
*(ರಾಣೇಬೆನ್ನೂರು)*

ಸರಿ. ಬರೀ ರಾಜನಿಂದ ಯಾವ ದಾರಿಯಲ್ಲೂ ಚೆಕ್‌ಮೇಟ್ ಮಾಡಲಾಗದು, ಹಾಗಾಗಿ ಡ್ರಾ. ನಿಮ್ಮ ಬಳಿ ಒಂದು ಕುದುರೆ ಉಳಿದಿದ್ದರೆ ಗೆಲುವು ನಿಮ್ಮದೇ ಆಗುತ್ತಿತ್ತು: ಅವನ ಸೈನಿಕನೇ ಅವನ ರಾಜನಿಗೆ ಅಡ್ಡ ನಿಂತು ನಿಮ್ಮ ಕುದುರೆಯಿಂದ ಮೇಟ್ ಆಗುವ ಸಾಧ್ಯತೆ ಎಲ್ಲೋ ಒಂದು ಇದೆಯಲ್ಲ, ನಿಯಮಕ್ಕೆ ಅಷ್ಟು ಸಾಕು. ವಿಚಿತ್ರವೆಂದರೆ ಅವನ ಬಳಿ ಸೈನಿಕರಿಲ್ಲದೆ ಬರೀ ರಾಣಿ ಇದ್ದಿದ್ದರೆ, ನಿಮ್ಮ ಒಂಟಿ ಕುದುರೆಯಿದ್ದರೂ ಡ್ರಾ. ರಾಣಿಯನ್ನು ಎಲ್ಲಿ ನಿಲ್ಲಿಸಿದರೂ ಆ ಮೇಟ್ ಕೂಡಿಬರುವುದಿಲ್ಲ. ನಂಬಿಕೆ ಬಾರದಿದ್ದರೆ ಬೋರ್ಡ್ ತೆಗೆದು ಮೂಲೆಯಲ್ಲಿ ಇಟ್ಟು ನೋಡ್ರಿ.